ಮಾಣಿಗೊಂದು ಚಾನ್ಸ್ ಕೇಳುವವರಿಗೆ

"ಮಾಷ್ಟ್ರೇ, ಅಪ್ಪು ಆರು ತಿಂಗಳ ಕೂಸಿರುವಾಗಲೇ ಪಿಕ್ಚರಿಗೆ ಬಂದದ್ದಲ್ವಾ? ನಮ್ಮ ಮಾಣಿಗೆ ಈಗಲೇ ಏಳು ವರ್ಷ ಆಯ್ತು. ಎಲ್ಲಾದರೂ ಒಂದು ಚಾನ್ಸ್ ಮಾಡಿಸಿ ಕೊಡ್ತೀರಾ?"

ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ ಮಕ್ಕಳಿಗೆ ನಾಟಕ ಕಲಿಸುವ ಯಾರನ್ನು ಕೇಳಿದರೂ ಈ ಪ್ರಶ್ನೆ ಬಾಯಿಪಾಠ ಬಂದಿರುತ್ತದೆ. 2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯ ಕಥೆಯೇ ಸಿನಿಮಾ ಆಗಿ, ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂದ ಮೇಲಂತೂ ಕೇಳುವವರು ಹೆಚ್ಚಾದರು. ಹಾಗಾಗಿ ಉತ್ತರವನ್ನು ಇಲ್ಲಿ ಒಮ್ಮೆ ಬರೆದಿಡುತ್ತೇನೆ. ಚಾನ್ಸ್ ಕೊಡಿಸುವುದು ನನ್ನ ಕೆಲಸವಲ್ಲ. ಅದಕ್ಕಿಂತ ಮೊದಲು ಆ "ಈಗಲೇ ಏಳು ವರ್ಷ ಆಯ್ತು" ಎಂಬ ಮಾತನ್ನು ಬಿಡಿ. ಏಳು ವರ್ಷದ ಮಗುವಿಗೆ ಯಾವುದೂ ತಡವಾಗಿಲ್ಲ.

ಅಪ್ಪುವಿನ ಹೆಸರು ಎತ್ತಿದ್ದೀರಿ, ಅಲ್ಲಿಂದಲೇ ಹೇಳುತ್ತೇನೆ. ಪುನೀತ್ ಹುಟ್ಟಿದ್ದು 1975ರ ಮಾರ್ಚ್ 17ರಂದು, ಮದರಾಸಿನಲ್ಲಿ. 1976ರ 'ಪ್ರೇಮದ ಕಾಣಿಕೆ'ಯಲ್ಲಿ ಕೂಸಾಗಿ ಕಾಣಿಸಿಕೊಂಡದ್ದು ನಿಜ. ಆದರೆ ಆ ಕೂಸನ್ನು ಯಾರೂ ಆಡಿಷನ್ ಸಾಲಿನಲ್ಲಿ ನಿಲ್ಲಿಸಿರಲಿಲ್ಲ. ಅಪ್ಪನೇ ಚಿತ್ರದ ನಾಯಕ. ಮುಂದಿನ ಕೆಲವು ಚಿತ್ರಗಳಿಗೆ ಅಮ್ಮ ಪಾರ್ವತಮ್ಮನವರೇ ನಿರ್ಮಾಪಕಿ. ಹತ್ತು ವರ್ಷ ಆಗುವ ತನಕ ರಾಜ್‌ಕುಮಾರ್ ಮಗನನ್ನೂ ಮಗಳು ಪೂರ್ಣಿಮಾಳನ್ನೂ ಸೆಟ್ಟಿಗೆ ಕರೆದುಕೊಂಡು ಹೋಗುತ್ತಿದ್ದರು. ಹಸಿವಾಯಿತು, ನಿದ್ದೆ ಬಂತು, ಇವತ್ತು ಬೇಡ ಎಂದು ಆ ಹುಡುಗ ಯಾರ ಹತ್ತಿರ ಹೇಳಬೇಕೋ ಅವರು ಕೈಗೆಟಕುವಷ್ಟು ದೂರದಲ್ಲೇ ಇದ್ದರು. ನಿಮ್ಮ ಮಾಣಿಗೆ ಅಲ್ಲಿ ಎಲ್ಲರೂ ಹೊಸಬರು. ಈ ವ್ಯತ್ಯಾಸವನ್ನು ನುಂಗಿಬಿಟ್ಟು "ಅಪ್ಪುವಿನ ಹಾಗೆ" ಅಂದರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಕೆಲವರದು ಇದಕ್ಕೆ ತದ್ವಿರುದ್ಧದ ಮಾತು: "ಅಪ್ಪನ ಹೆಸರಿದ್ದರೆ ಯಾರಿಗೂ ಆಗ್ತದೆ." ಅವರು 'ಬೆಟ್ಟದ ಹೂವು' ಇನ್ನೊಮ್ಮೆ ನೋಡಲಿ. 1985ರ ಚಿತ್ರ, ನಿರ್ದೇಶನ ಎನ್. ಲಕ್ಷ್ಮೀನಾರಾಯಣ್ ಅವರದ್ದು. ರಾಜ್‌ಕುಮಾರ್ ಅದರಲ್ಲಿ ನಟಿಸಿಲ್ಲ. ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಬೇಕೆಂದು ಬೆಟ್ಟದ ಹೂವು ಹುಡುಕಿ ತಂದು ಮಾರಿ ಕಾಸು ಕೂಡಿಡುವ ಬಡ ಹುಡುಗ ರಾಮು. ಕೊನೆಗೆ ಆ ದುಡ್ಡು ಮನೆಯವರ ಕಂಬಳಿಗೆ ಹೋಗುತ್ತದೆ. ಪುಸ್ತಕ ಬೇಕು, ಮನೆಯವರಿಗೆ ಚಳಿ. ಎರಡೂ ಒಂದೇ ಮುಖದಲ್ಲಿ ಇರಬೇಕು. ಆ ಹುಡುಗ ಮುಖದಲ್ಲಿ ಹೆಚ್ಚೇನೂ ಮಾಡುವುದಿಲ್ಲ. ನೋಡುತ್ತಾನೆ, ಅಷ್ಟೆ. ಹತ್ತು ವರ್ಷಕ್ಕೆ ರಾಷ್ಟ್ರಪ್ರಶಸ್ತಿ ತಂದದ್ದು ಆ ನೋಟ. ಅಷ್ಟು ಹೊತ್ತಿಗೆ 'ಭಾಗ್ಯವಂತ', 'ಚಲಿಸುವ ಮೋಡಗಳು', 'ಎರಡು ನಕ್ಷತ್ರಗಳು', 'ಭಕ್ತ ಪ್ರಹ್ಲಾದ' ಎಲ್ಲ ಆಗಿ, ಕ್ಯಾಮೆರಾ ಎದುರು ಹೇಗಿರಬೇಕೆಂದು ಮೈಗೆ ಗೊತ್ತಾಗಿತ್ತು.

ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ಇಲ್ಲಿ ನಟನೆ ಅಂದರೆ ಒಂದೋ ಯಕ್ಷಗಾನ, ಇಲ್ಲವೇ ಕೇರಳದ ಶಾಲಾ ಕಲೋತ್ಸವದ ಮೋನೋ ಆಕ್ಟ್, ಅಂದರೆ ಏಕಪಾತ್ರಾಭಿನಯ. ಎರಡೂ ಒಳ್ಳೆಯ ತರಬೇತಿಯೇ. ಭಯ ಹೋಗುತ್ತದೆ, ಮಾತು ಸ್ಪಷ್ಟ ಆಗುತ್ತದೆ, ತಾಳದ ಲೆಕ್ಕ ಬರುತ್ತದೆ. ಆದರೆ ಅಲ್ಲಿ ಕಲಿಸುವುದು ಕೊನೆಯ ಸಾಲಿನವರಿಗೆ ಮುಟ್ಟುವ ಹಾಗೆ ಕಣ್ಣರಳಿಸಲು, ಕೈಬೀಸಲು. ಕ್ಯಾಮೆರಾ ಮುಖದಿಂದ ಮೂರಡಿ ದೂರದಲ್ಲಿರುತ್ತದೆ. ಕಲೋತ್ಸವದಲ್ಲಿ ಎ ಗ್ರೇಡ್ ತಂದ ಅದೇ ಕಣ್ಣು ಅಲ್ಲಿ ಹೆದರಿಸುವ ಹಾಗೆ ಕಾಣುತ್ತದೆ. ಆಡಿಷನ್ನಿಗೆ ಹೋಗುವುದಿದ್ದರೆ ಡೈಲಾಗ್ ಬಾಯಿಪಾಠ ಮಾಡಿಸಬೇಡಿ. ಎದುರಿನವರು ಮಾತಾಡುವಾಗ ಪೂರ್ತಿ ಕೇಳಿಸಿಕೊಂಡು ಆಮೇಲೆ ಉತ್ತರ ಕೊಡುವುದನ್ನು ಅಭ್ಯಾಸ ಮಾಡಿಸಿ. ಆಯ್ಕೆ ಮಾಡುವವರು ಹೆಚ್ಚಾಗಿ ನೋಡುವುದು ಅದನ್ನೇ.

ಕಳಿಸಬೇಕಾದದ್ದು ಇಷ್ಟು: ಹಗಲು ಬೆಳಕಿನಲ್ಲಿ ತೆಗೆದ ಎರಡು ಫೋಟೋ, ಒಂದು ಮುಖದ್ದು, ಒಂದು ಪೂರ್ತಿ ನಿಂತದ್ದು. ಪೌಡರ್ ಬೇಡ, ಫಿಲ್ಟರ್ ಬೇಡ. ಒಂದು ನಿಮಿಷದ ವೀಡಿಯೋ. ಹೆಸರು, ಕ್ಲಾಸು, ನಿನ್ನೆ ಶಾಲೆಯಲ್ಲಿ ಏನಾಯಿತು ಎಂದು ಮಗು ತನ್ನದೇ ಮಾತಿನಲ್ಲಿ ಹೇಳಲಿ. ಮನೆಯಲ್ಲಿ ಆಡುವುದು ತುಳುವೋ ಹವ್ಯಕವೋ ಆಗಿದ್ದು, ಕನ್ನಡಕ್ಕೆ ಮಲಯಾಳದ ಎಳೆತ ಇದ್ದರೂ ತಿದ್ದಬೇಡಿ. ನಮ್ಮೂರಿನ ಮಾತು ಬೇಕೆಂದೇ ಹುಡುಕಿಕೊಂಡು ಬರುವವರಿದ್ದಾರೆ. ಪೋರ್ಟ್‌ಫೋಲಿಯೋಗೆ, ನೋಂದಣಿಗೆ, ಕಾರ್ಡಿಗೆ ಎಂದು ದುಡ್ಡು ಕೇಳಿದರೆ ಅಲ್ಲಿಗೇ ಫೋನ್ ಇಡಿ. ಸಿನಿಮಾದಲ್ಲಿ ದುಡ್ಡು ಬರಬೇಕಾದದ್ದು ನಿರ್ಮಾಪಕರಿಂದ ಮಗುವಿಗೆ.

ಆಯ್ಕೆ ಆಯಿತು ಅಂತಿಟ್ಟುಕೊಳ್ಳಿ. ಆಗ ಕಾನೂನು ಗೊತ್ತಿರಬೇಕು, ಯಾಕೆಂದರೆ ಸೆಟ್ಟಿನಲ್ಲಿ ಅದನ್ನು ನಿಮಗೆ ಹೇಳಿಕೊಡುವವರು ಕಡಿಮೆ. ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಗಿ, 2017ರಲ್ಲಿ ನಿಯಮಗಳು ಬಂದಿವೆ. ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವ ಹಾಗಿಲ್ಲ. ವಿರಾಮ ಕೊಡದೆ 3 ಗಂಟೆಗಿಂತ ಹೆಚ್ಚು ಇಲ್ಲ. ಸತತ 27 ದಿನ ದಾಟುವ ಹಾಗಿಲ್ಲ. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರರು ಇರಬೇಕು, ಪಾಠ ತಪ್ಪದಂತೆ ವ್ಯವಸ್ಥೆ ಆಗಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನ ಎಫ್‌ಡಿಗೆ ನೇರವಾಗಿ ಹೋಗಬೇಕು.

ಗಡಿಯವರಾದ ನಮಗೆ ಗೊಂದಲ ಆಗುವುದು ಅನುಮತಿಯ ವಿಷಯದಲ್ಲಿ. ಅನುಮತಿ ಪಡೆಯಬೇಕಾದದ್ದು ನಿರ್ಮಾಪಕರು, ಅದೂ ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ. ಮಗುವಿನ ಮನೆ ಯಾವ ಜಿಲ್ಲೆ ಎಂಬುದು ಲೆಕ್ಕಕ್ಕಿಲ್ಲ. ಬೇಕಲದಲ್ಲಿ ಶೂಟಿಂಗ್ ಆದರೆ ಕಾಸರಗೋಡಿನ ಕಲೆಕ್ಟರು, ತಲಪಾಡಿ ದಾಟಿ ಉಳ್ಳಾಲದಲ್ಲಿ ಆದರೆ ಮಂಗಳೂರಿನ ಡಿಸಿ. ಒಂದೇ ಚಿತ್ರ ಎರಡೂ ಕಡೆ ನಡೆದರೆ ಎರಡೂ ಕಡೆ ಬೇಕು. ಅದಕ್ಕೆ ನಿರ್ಮಾಪಕರು ಬರೆದುಕೊಡುವ ಫಾರ್ಮ್ ಸಿ ಎಂಬ ಮುಚ್ಚಳಿಕೆ ಇರುತ್ತದೆ, ಅದರ ಅವಧಿ 6 ತಿಂಗಳು. ಅದರ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಕೊಡಲು ಹಿಂದೆಮುಂದೆ ನೋಡಿದರೆ ಅನುಮತಿ ಪಡೆದಿದ್ದಾರೋ ಇಲ್ಲವೋ ಎಂದು ಕಲೆಕ್ಟರೇಟಿನಲ್ಲೇ ವಿಚಾರಿಸಿ.

ನಿಯಮ ಇದ್ದೂ ಕೆಡುವುದು ಕಾಯಿಸುವುದರಲ್ಲಿ. ಬೆಳಗ್ಗೆ ಆರಕ್ಕೆ ಬರಹೇಳಿ ಮಗುವಿನ ಶಾಟ್ ಸಂಜೆ ನಾಲ್ಕಕ್ಕೆ ಇಟ್ಟರೆ, ದುಡಿಸಿದ್ದು ಒಂದೇ ಗಂಟೆ ಎಂದು ಅವರು ಹೇಳಬಹುದು. ಆದರೆ ಮಗು ಬಿಸಿಲಲ್ಲಿ ಬಾಡಿ ಹೋಗಿರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಬಂದ ಹೊತ್ತು, ಶಾಟ್ ಆದ ಹೊತ್ತು, ಊಟದ ಹೊತ್ತು ಬರೆಯುತ್ತಾ ಹೋಗಿ. ಬರೆಯುವವರಿದ್ದಾರೆಂದು ಗೊತ್ತಾದರೆ ಮರುದಿನ ಮಗುವಿನ ಶಾಟ್ ಬೇಗ ಬರುತ್ತದೆ.

ಹಲ್ಲಿನ ವಿಷಯ ಯಾರೂ ಯೋಚಿಸುವುದಿಲ್ಲ. ಏಳು ವರ್ಷ ಅಂದರೆ ಮುಂದಿನ ಹಲ್ಲು ಬೀಳುವ ಪ್ರಾಯ. ಬಾಗಿಲು ತೆರೆಯುವ ಶಾಟ್ ಏಪ್ರಿಲ್‌ನಲ್ಲಿ, ಒಳಗೆ ಬರುವ ಶಾಟ್ ಮೇ ತಿಂಗಳಲ್ಲಿ ತೆಗೆದರೆ, ಹೊಸ್ತಿಲು ದಾಟುವಷ್ಟರಲ್ಲಿ ಪರದೆಯ ಮೇಲೆ ಮಗುವಿನ ಹಲ್ಲು ಮಾಯ. ಡಬ್ಬಿಂಗ್ ಇನ್ನೂ ತಡವಾದರೆ ಸಕಾರದಲ್ಲೆಲ್ಲ ಗಾಳಿ ನುಗ್ಗುತ್ತದೆ, ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ. ಅಲುಗಾಡುವ ಹಲ್ಲಿದ್ದರೆ ಒಪ್ಪಿಕೊಳ್ಳುವ ಮೊದಲೇ ಹೇಳಿಬಿಡಿ. ಮಗುವಿನ ಹತ್ತಿರದ ಶಾಟುಗಳನ್ನೆಲ್ಲ ಒಂದೇ ಬಾರಿ ಮುಗಿಸಿಕೊಳ್ಳುತ್ತಾರೆ. ಕ್ಷೌರವನ್ನೂ ಅವರನ್ನು ಕೇಳದೆ ಮಾಡಿಸಬೇಡಿ.

ಇಷ್ಟೆಲ್ಲ ಕೇಳಿದವರು ಒಬ್ಬರೂ ಕೇಳದ ಒಂದು ಪ್ರಶ್ನೆ ಇದೆ: ಅಪ್ಪು ನಿಲ್ಲಿಸಿದ್ದು ಯಾವಾಗ? 1989ರ 'ಪರಶುರಾಮ್' ಆದ ಮೇಲೆ ನಿಲ್ಲಿಸಿದರು, ಆಗ ಅವರಿಗೆ ಹದಿನಾಲ್ಕು. ನಾಯಕನಾಗಿ 'ಅಪ್ಪು' ಬಂದದ್ದು 2002ರಲ್ಲಿ. ನಡುವೆ ಹದಿಮೂರು ವರ್ಷ. ರಾಷ್ಟ್ರಪ್ರಶಸ್ತಿ ಬಂದ ಹುಡುಗ, ಮನೆಯಲ್ಲೇ ನಿರ್ಮಾಣ ಸಂಸ್ಥೆ, ಆದರೂ ಬಾಲನಟನ ಮುಖ ಹೋಗಿ ಗಂಡಸಿನ ಮುಖ ಬಂದ ಮೇಲೆಯೇ ಅವರು ನಾಯಕನಾಗಿ ಬಂದದ್ದು. 'ಮಾಲ್ಗುಡಿ ಡೇಸ್'ನ ಸ್ವಾಮಿ ಮಾಸ್ಟರ್ ಮಂಜುನಾಥ್ ದೊಡ್ಡವರಾದ ಮೇಲೆ ನಟನೆಯನ್ನೇ ಬಿಟ್ಟು ಬೇರೆ ಉದ್ಯೋಗ ಹಿಡಿದರು. ಅವರು ಸೋತರು ಎಂದು ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಸ್ವಾಮಿ ಇವತ್ತಿಗೂ ಸ್ವಾಮಿಯೇ, ಆ ಕೆಲಸ ಪೂರ್ತಿ ಆಗಿದೆ.

ನಿಲ್ಲಿಸುವುದಕ್ಕೂ ಮೇಲೆ ಹೇಳಿದ 2017ರ ನಿಯಮಗಳಲ್ಲೇ ಜಾಗ ಇದೆ. ಮಗುವಿನ ಇಚ್ಛೆಗೆ ವಿರುದ್ಧವಾಗಿ, ಅದರ ಒಪ್ಪಿಗೆ ಇಲ್ಲದೆ ಭಾಗವಹಿಸುವಂತೆ ಮಾಡಬಾರದು ಎಂದು ಬರೆದಿದೆ. ನಿಮ್ಮ ಸಹಿ ಬೇರೆ, ಮಗುವಿನ ಒಪ್ಪಿಗೆ ಬೇರೆ. ಅದನ್ನು ಡೈರೆಕ್ಟರ ಎದುರು ಕೇಳಬೇಡಿ, ಅಲ್ಲಿ ಎಲ್ಲ ಮಕ್ಕಳೂ ಹೂಂ ಅನ್ನುತ್ತವೆ. ಮನೆಗೆ ಬಂದು, ಸ್ನಾನ ಊಟ ಆದ ಮೇಲೆ, ಫೋನ್ ಪಕ್ಕಕ್ಕಿಟ್ಟು ಕೇಳಿ. ಎರಡು ದಿನ ಬಿಟ್ಟು ಇನ್ನೊಮ್ಮೆ ಕೇಳಿ. ಬೇಡ ಅಂದರೆ ಅವತ್ತೇ ನಿರ್ಮಾಪಕರಿಗೆ ತಿಳಿಸಿ. ಶೂಟಿಂಗಿಗೆ ಹದಿನೈದು ದಿನ ಇದೆ ಅಂದರೆ ಅವರಿಗೆ ಬೇರೆ ಮಗು ಸಿಗುತ್ತದೆ.