ಹಳದಿ ಲೈನು ಮತ್ತು ಐದು ನಿಮಿಷದ ಬೋರ್ಡು

2025ರ ಆಗಸ್ಟ್ 11, ಸೋಮವಾರ. ಹಿಂದಿನ ದಿನವಷ್ಟೇ ಪ್ರಧಾನಿ ಬಂದು ಬೆಂಗಳೂರಿನ ನಮ್ಮ ಮೆಟ್ರೋದ ಹಳದಿ ಲೈನ್ ಉದ್ಘಾಟಿಸಿ ಹೋಗಿದ್ದರು. ಹೊಸೂರು ರಸ್ತೆಯಲ್ಲಿ ಇಷ್ಟು ವರ್ಷ ಕಂಬಗಳ ಧೂಳು ಕುಡಿದವಳು ನಾನು. ಮೊದಲ ದಿನವೇ ಹತ್ತದಿದ್ದರೆ ಹೇಗೆ?

ಸಿಂಗಸಂದ್ರದಲ್ಲಿ ಬಾಡಿಗೆ ಮನೆ, ಜಯನಗರದಲ್ಲಿ ಕೆಲಸ. ನಡುವೆ ಟ್ರಾಫಿಕ್ ಜಾಮ್‌ಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್. ಬಸ್ಸು ಬೊಮ್ಮನಹಳ್ಳಿ ದಾಟುತ್ತಲೇ ನಾನು ಸುಮ್ನೆ ಕಣ್ಣು ಮುಚ್ಚುತ್ತಿದ್ದೆ. ಒಂದು ನಿದ್ದೆ ಮುಗಿದರೂ ಕಿಟಕಿಯಾಚೆ ಅದೇ ಲಾರಿ.

ಅವತ್ತು ನಾನು ಪ್ಲಾಟ್‌ಫಾರ್ಮ್ ಮುಟ್ಟುವಷ್ಟರಲ್ಲಿ ರೈಲಿನ ಬಾಗಿಲು ಮುಚ್ಚಿತು. ಬಸ್ಸಾಗಿದ್ದರೆ ಓಡಿಹೋಗಿ ತಟ್ಟಬಹುದಿತ್ತು. ಆಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಕಾದೆ. ಮುಂದಿನದು ಬಂದಾಗ ಕಾಲಿಡಲು ಜಾಗ ಸಿಕ್ಕಿದ್ದೇ ಪುಣ್ಯ. ಸಿಲ್ಕ್ ಬೋರ್ಡ್ ಬಂದಾಗ ಬೋಗಿಯವರೆಲ್ಲ ಕಿಟಕಿ ಕಡೆ ವಾಲಿದರು. ಕೆಳಗೆ ಬ್ರೇಕ್ ಲೈಟುಗಳ ಜಾತ್ರೆ. "ನಾನು ದಿನಾ ಹೋಗೋ ಬಸ್ಸು ಅಲ್ಲೇ ಎಲ್ಲೋ ಇರುತ್ತೆ ನೋಡಿ ಆಂಟಿ," ಅಂದ ಪಕ್ಕದ ಹುಡುಗ. ಆಂಟಿ ಅಂದದ್ದನ್ನೂ ಕ್ಷಮಿಸಿಬಿಟ್ಟೆ, ಅಷ್ಟು ಖುಷಿಯಾಗಿತ್ತು. ಆರ್‌ವಿ ರೋಡಿನಲ್ಲಿ ಹಸಿರು ಲೈನಿಗೆ ಬದಲಿಸಿದರೆ ಜಯನಗರ ಒಂದೇ ಸ್ಟೇಷನ್.

ಸಂಜೆ ವಾಪಸ್ ಬಂದು ಸಿಂಗಸಂದ್ರದಲ್ಲಿ ಇಳಿದೆ. ಅಸಲಿ ಪ್ರಯಾಣ ಶುರುವಾಗಿದ್ದು ಅಲ್ಲಿಂದ. ಫುಟ್‌ಪಾತ್ ಹೆಸರಿಗಷ್ಟೇ. ಒಂದು ಕಡೆ ಚರಂಡಿ ಕಲ್ಲು ಬಾಯಿ ತೆರೆದಿತ್ತು, ಇನ್ನೊಂದು ಕಡೆ ಸ್ಕೂಟರುಗಳ ಸಾಲು. ಆಟೋದವರು ಅಷ್ಟು ಹತ್ತಿರಕ್ಕೆ ಬರಲ್ಲ ಅಂದರು. ಆರ್‌ವಿ ರೋಡಿನಿಂದ ಇಲ್ಲಿಗೆ ಇಪ್ಪತ್ತು ನಿಮಿಷದ ಆಸುಪಾಸು, ಇಲ್ಲಿಂದ ಮನೆಗೆ ಹದಿನೈದು.

ಆಮೇಲೆ ರೈಲುಗಳು ಒಂದೊಂದಾಗಿ ಸೇರಿ ಕಾಯುವುದು ಕಡಿಮೆಯಾಯಿತು. ಬಸ್ ಸ್ಟಾಪಿನ ಪಕ್ಕ ಇದ್ದ ಇಡ್ಲಿ ಗಾಡಿ ಮೆಟ್ರೋ ಮೆಟ್ಟಿಲ ಬುಡಕ್ಕೆ ಬಂತು. ಟು-ಲೆಟ್ ಬೋರ್ಡುಗಳಲ್ಲೂ ಹೊಸ ಸಾಲು: 'ಮೆಟ್ರೋಗೆ ಐದೇ ನಿಮಿಷ'.

ನಮ್ಮ ಓನರ್ ಕೂಡ ಮಹಡಿಯ ಖಾಲಿ ಮನೆಗೆ ಅದನ್ನೇ ಬರೆಸಿ ತೂಗುಹಾಕಿದರು. ನನ್ನ ಬಾಡಿಗೆಗೂ ಎರಡು ಸಾವಿರ ಸೇರಿಸಿದರು. "ಈಗ ನಿಮಗೆ ಬಸ್ ಕಾಯೋ ಕಷ್ಟ ಇಲ್ಲ ಅಲ್ವಾ ಮೇಡಂ?"

"ಬನ್ನಿ ಸಾರ್, ಆ ಐದು ನಿಮಿಷ ಒಂದ್ಸಲ ಒಟ್ಟಿಗೆ ನಡೆಯೋಣ," ಅಂದೆ. ಪಾಪ, ಬಂದರು. ಚರಂಡಿ ಕಲ್ಲಿನ ಹತ್ತಿರ ಪಂಚೆ ಎತ್ತಿಕಟ್ಟಿದರು. ಇಡ್ಲಿ ಗಾಡಿ ಮುಟ್ಟುವಷ್ಟರಲ್ಲಿ ಅವರ ವಾಚಿನಲ್ಲೇ ಹದಿನಾರು ನಿಮಿಷ. ಒಂದು ಪ್ಲೇಟ್ ಇಡ್ಲಿ ತಿಂದು, ನೀರು ಕುಡಿದು, "ಒಂದು ಸಾವಿರ ಕೊಡಿ, ಸಾಕು," ಅಂದರು.

ಬೋರ್ಡು ಮಾತ್ರ ಇನ್ನೂ ಹಾಗೇ ಇದೆ.