ಹಸಿರು ಶಾಲು ಒಂದು, ವಿಡಿಯೋ ಎರಡು

ನನ್ನದು ಮದುವೆ ವಿಡಿಯೋ ಮಾಡುವ ಸ್ಟುಡಿಯೋ. ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ಮೊದಲ ಮಹಡಿ, ಕೆಳಗೆ ಝೆರಾಕ್ಸ್ ಅಂಗಡಿ. ಹದಿನೆಂಟು ವರ್ಷದಿಂದ ಧಾರೆ, ಅಕ್ಷತೆ, ಊಟದ ಪಂಕ್ತಿ ಇವನ್ನೇ ಕಟ್ ಮಾಡಿಕೊಂಡು ಬಂದಿದ್ದೇನೆ. 2024ರ ಲೋಕಸಭೆ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ವಿಡಿಯೋ ಕೆಲಸ ಒಪ್ಪಿಕೊಂಡೆ. ಯಾವ ಪಕ್ಷ, ಗೆದ್ದರಾ ಸೋತರಾ ಅಂತ ಕೇಳಬೇಡಿ.

ಒಂದು ಒಳ್ಳೆ ವಿಡಿಯೋ ಮಾಡಿಕೊಟ್ಟರೆ ಸಾಕು ಅಂದುಕೊಂಡಿದ್ದೆ. ಮೂರು ನಿಮಿಷ, ಡ್ರೋನ್ ಶಾಟ್, ಹಿಂದೆ ಡೊಳ್ಳು. ಪ್ರಚಾರದ ಆಫೀಸಿನಲ್ಲಿ ಬೆಂಗಳೂರಿಂದ ಬಂದ ಹುಡುಗ ಒಬ್ಬ ಕೂತಿದ್ದ. ನಕ್ಕುಬಿಟ್ಟ. "ಅಣ್ಣಾ, ಮೂರು ನಿಮಿಷ ಯಾರು ನೋಡ್ತಾರೆ? ಮೂವತ್ತು ಸೆಕೆಂಡಿನದು ಬೇಕು. ಆದ್ರೆ ಇಪ್ಪತ್ತು ಬೇಕು."

ಯಾಕೆ ಇಪ್ಪತ್ತು ಅಂತ ಆಮೇಲೆ ಗೊತ್ತಾಯಿತು. ನಮ್ಮ ಲೋಕಸಭೆಯೊಳಗೆ ಎಂಟು ವಿಧಾನಸಭಾ ಕ್ಷೇತ್ರ ಬರುತ್ತವೆ. ಜಗಳೂರಿನವರಿಗೆ ಕೆರೆ ತುಂಬಿಸುವ ಮಾತು. ಹರಿಹರದ ಪೇಟೆಯವರಿಗೆ ಮಕ್ಕಳ ಕೆಲಸದ ಮಾತು. ಮಂಡಕ್ಕಿ ಭಟ್ಟಿಯ ದುಡಿಯುವವರಿಗೆ ಬೇರೆ, ಎಂಸಿಸಿ ಬಿ ಬ್ಲಾಕಿನ ಅನುಕೂಲಸ್ಥರಿಗೆ ಬೇರೆ. ಆಜಾದ್ ನಗರಕ್ಕೆ ಉರ್ದುವಿನಲ್ಲಿ, ತಾಂಡಾಗಳಿಗೆ ಲಂಬಾಣಿಯಲ್ಲಿ. ತಾಂಡಾ ವಿಡಿಯೋಗೆ ಗುಡಿಯ ಶಾಟ್ ಹಾಕೋಣ ಅಂದ ಒಬ್ಬ. ಪೂಜೆಯ ಜಾಗವನ್ನು ಪ್ರಚಾರಕ್ಕೆ ಬಳಸಬಾರದು ಅಂತ ನೀತಿ ಸಂಹಿತೆಯಲ್ಲೇ ಇದೆ. ಬೇಡ ಅಂದೆ, ಬಿಟ್ಟರು.

ಕೆಲಸ ಮಾತ್ರ ಚೆನ್ನಾಗಿ ಕಲಿತೆ, ಸುಳ್ಳು ಯಾಕೆ ಹೇಳಲಿ. ಮೊದಲ ಮೂರು ಸೆಕೆಂಡಿನಲ್ಲಿ ಅಭ್ಯರ್ಥಿ ಮುಖ ತೋರಿಸಿದರೆ ಜನ ಬೆರಳಿಂದ ಮೇಲೆ ತಳ್ಳಿಬಿಡುತ್ತಾರೆ. ನೋಡುವವರದ್ದೇ ಏನಾದರೂ ಕಾಣಬೇಕು. ಚನ್ನಗಿರಿಯವರಿಗೆ ಅಡಿಕೆ ಗೊನೆ, ಜಗಳೂರಿನವರಿಗೆ ಬಿರುಕು ಬಿಟ್ಟ ಕೆರೆ ಅಂಗಳ. ಬಸ್ಸಿನಲ್ಲಿ ಜನ ಸೌಂಡ್ ಆಫ್ ಮಾಡಿ ನೋಡುತ್ತಾರೆ, ಅದಕ್ಕೆ ಅಕ್ಷರ ದಪ್ಪಗೆ ಹಾಕಬೇಕು. ಫೋನ್ ಅಡ್ಡ ತಿರುಗಿಸುವವರು ಯಾರೂ ಇಲ್ಲ, ಹಾಗಾಗಿ ಎಲ್ಲಾ ಉದ್ದುದ್ದ. ಮದುವೆ ವಿಡಿಯೋದಲ್ಲಿ ಈ ರಗಳೆ ಇಲ್ಲ. ಅವರವರ ಮುಖ ಕಂಡರೆ ಸಾಕು, ಮೂರು ಗಂಟೆ ಬೇಕಾದರೂ ಕೂತು ನೋಡುತ್ತಾರೆ.

ಲಂಬಾಣಿ ವಿಡಿಯೋಗೆ ದನಿ ಕೊಡಲು ಡಿಗ್ರಿ ಓದುವ ಹುಡುಗಿಯೊಬ್ಬಳು ಬಂದಿದ್ದಳು. ನಾನು "ಸಮಗ್ರ ನೀರಾವರಿ ಸೌಲಭ್ಯ" ಅಂತ ಏನೇನೋ ಬರೆದಿದ್ದೆ. ಓದಿ ಹಾಳೆ ಕೆಳಗಿಟ್ಟಳು. "ಸರ್, ನಮ್ ತಾಂಡಾದಾಗೆ ಹಿಂಗೆ ಯಾರೂ ಮಾತಾಡಲ್ಲ." ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯಲು ಊರು ಬಿಟ್ಟು ಹೋಗುವವರ ಬಗ್ಗೆ, ಅಜ್ಜಿ ಹತ್ತಿರ ಉಳಿಯುವ ಮಕ್ಕಳ ಬಗ್ಗೆ ತಾನೇ ನಾಲ್ಕು ಮಾತು ಹೇಳಿದಳು. ಒಂದೇ ಟೇಕ್. ಇಪ್ಪತ್ತರಲ್ಲಿ ಒಳ್ಳೆಯದು ಅದೇ. ಆಯಾ ಜನಕ್ಕೆ ಅವರ ಮಾತಲ್ಲೇ ಹೇಳುವುದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.

ಎಡವಟ್ಟಾಗಿದ್ದು ಭದ್ರಾ ನೀರಿನ ವಿಷಯದಲ್ಲಿ.

ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಭದ್ರಾ ಬಲದಂಡೆ ನಾಲೆ ಚನ್ನಗಿರಿ ದಾಟಿ ದಾವಣಗೆರೆ, ಹರಿಹರದ ಕಡೆ ಬರುತ್ತದೆ. ಮೇಲಿನವರದು ಅಡಿಕೆ ತೋಟ, ಕೆಳಗಿನವರದು ಭತ್ತದ ಗದ್ದೆ. ಮೇಲೆ ನಾಲೆಗೆ ಅಕ್ರಮ ಪಂಪ್‌ಸೆಟ್ ಇಟ್ಟು ನೀರೆತ್ತುತ್ತಾರೆ, ನಮಗೆ ಬರೋದೇ ಇಲ್ಲ ಅಂತ ಕೊನೆಭಾಗದ ರೈತರ ಕೂಗು. 2023ರಲ್ಲಿ ಮಳೆ ಕೈಕೊಟ್ಟಿತ್ತು. 186 ಅಡಿಯ ಡ್ಯಾಂ ತುಂಬಲಿಲ್ಲ. ಮುಂದಿನ ಬೇಸಿಗೆಗೆ ಅಡಿಕೆಯವರು ಟ್ಯಾಂಕರ್ ನೀರು ಹೊಡೆಸುತ್ತಿದ್ದರು, ಕೆಳಗಿನವರು ಬೀದಿಗೆ ಇಳಿದಿದ್ದರು.

ಶೂಟಿಂಗ್ ಒಂದೇ ಬೆಳಿಗ್ಗೆ. ಚನ್ನಗಿರಿ ಕಡೆ ಒಂದು ತೋಟ, ಪಕ್ಕದಲ್ಲೇ ಒಣಗಿದ ಕಿರುಗಾಲುವೆ. ಸಾಹೇಬರು ಬೆಣ್ಣೆ ದೋಸೆ ತಿಂದು ಬಂದಿದ್ದರು. ಬಿಳಿ ಅಂಗಿಯ ಜೇಬಿನ ಹತ್ತಿರ ನಾಲ್ಕಾಣೆ ಅಗಲದ ಬೆಣ್ಣೆ ಕಲೆ. ಹಸಿರು ಶಾಲು ಎಳೆದು ಮುಚ್ಚಿದೆವು. ತೋಟದ ಕಡೆ ಮುಖ ಮಾಡಿ, "ನಿಮ್ಮ ತೋಟ ಒಣಗೋಕೆ ಬಿಡಲ್ಲ, ಮೋಟರ್ ಮುಟ್ಟೋಕೂ ಬಿಡಲ್ಲ" ಅಂದರು. ಟ್ರೈಪಾಡ್ ತಿರುಗಿಸಿದೆ. ಈಗ ಹಿಂದೆ ಒಣ ಕಾಲುವೆ. "ಮೇಲೆ ಕದಿಯೋ ನೀರಿಗೆ ಕಡಿವಾಣ ಹಾಕ್ತೀನಿ, ಕೊನೇ ಗದ್ದೆಗೂ ನೀರು ಹರಿಸ್ತೀನಿ." ನಡುವೆ ಹತ್ತು ನಿಮಿಷವೂ ಇರಲಿಲ್ಲ. ನಾನು ಏನೂ ಅನ್ನಲಿಲ್ಲ. ಫೋಕಸ್ ನೋಡಿಕೊಳ್ಳುತ್ತಿದ್ದೆ.

ದುಡ್ಡು ಕೊಟ್ಟು ಫೇಸ್‌ಬುಕ್ಕಿನಲ್ಲಿ ಹಾಕುವ ಜಾಹೀರಾತಿಗೆ ಪ್ರಚಾರದ ಜಾಹೀರಾತು ಪರಿಶೀಲಿಸುವ ಜಿಲ್ಲಾ ಸಮಿತಿಯ (ಎಂಸಿಎಂಸಿ) ಒಪ್ಪಿಗೆ ಬೇಕು. ಖರ್ಚು ಅಭ್ಯರ್ಥಿಯ 95 ಲಕ್ಷದ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಆ ಜಾಹೀರಾತು ಫೇಸ್‌ಬುಕ್ಕಿನ ಆಡ್ ಲೈಬ್ರರಿಯಲ್ಲಿ 7 ವರ್ಷ ಉಳಿಯುತ್ತದೆ, ಯಾರು ಬೇಕಾದರೂ ನೋಡಬಹುದು. ಹಾಗಾಗಿ ಅಲ್ಲಿಗೆ ಹೋಗಿದ್ದು "ಅಭಿವೃದ್ಧಿ, ಅಭಿವೃದ್ಧಿ" ಅನ್ನುವ ಸಪ್ಪೆ ವಿಡಿಯೋ. ಈ ಎರಡು ಹೋಗಿದ್ದು ವಾಟ್ಸಾಪಿನ ಬೂತ್ ಗ್ರೂಪುಗಳಿಗೆ, ಇವರಿಗೆ ಇದು, ಅವರಿಗೆ ಅದು. ಒಂದು ಸಲಕ್ಕೆ ಐದೇ ಫಾರ್ವರ್ಡ್ ಅಂತ ವಾಟ್ಸಾಪ್ ಕಟ್ಟು ಹಾಕಿದೆ. ಆದರೆ ಕಳಿಸಲು ಕೂತ ಹುಡುಗರೇ ಹದಿನೈದು ಜನ ಇದ್ದರು.

ಮತದಾನ ಮೇ 7ಕ್ಕೆ. ಅದಕ್ಕೆ ಹತ್ತು ಹನ್ನೆರಡು ದಿನ ಮುಂಚೆ ನಮ್ಮ ನೆಂಟರದ್ದೇ ಒಂದು ಮದುವೆ, ಕ್ಯಾಮೆರಾ ನನ್ನದೇ. ಸೋದರಮಾವ ಹರಿಹರದ ಕೊನೆಭಾಗದವರು, ಮೂರು ಎಕರೆ ಗದ್ದೆ. ನನ್ನ ಬಾಮೈದ ಚನ್ನಗಿರಿಯಲ್ಲಿ ಅಡಿಕೆ ಮಾಡಿದ್ದಾನೆ. ಬೆಂಗಳೂರಿನ ಹುಡುಗ ಊರೂರಿಗೆ ಗೋಡೆ ಕಟ್ಟಿ ಪಟ್ಟಿ ಮಾಡಿದ್ದ. ಈ ಕಡೆಯ ಹೆಣ್ಣು ಆ ಕಡೆಗೆ ಹೋಗುತ್ತಾಳೆ ಅನ್ನುವುದು ಅವನ ಎಕ್ಸೆಲ್ ಶೀಟಿನಲ್ಲಿ ಇರಲಿಲ್ಲ.

ಊಟದ ಮನೆ ಹೊರಗೆ ಇಬ್ಬರೂ ನೀರಿನ ಮಾತು ತೆಗೆದರು. ಬಾಮೈದ ಫೋನ್ ತೆಗೆದು, "ನೋಡಿ, ನಮ್ ಮೋಟರ್ ಮುಟ್ಟಲ್ಲ ಅಂದಾರೆ" ಅಂದ. ಮಾವ ಕನ್ನಡಕ ಹಾಕಿಕೊಂಡು ತಮ್ಮ ಫೋನ್ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡನೇ ಸಲ ನೋಡಿದರು. ಆಮೇಲೆ ಬೆರಳಿಟ್ಟು ನನ್ನನ್ನು ಕರೆದರು.

"ಲೇ ಅಳಿಯಾ, ಇಲ್ಲಿ ಬಾರಪ್ಪ. ಈ ಕಲೆ ನೋಡು. ಇದ್ರಾಗೂ ಐತಿ, ಅದ್ರಾಗೂ ಐತಿ."

ಮಾತಾಡುವಾಗ ಎರಡರಲ್ಲೂ ಶಾಲು ಜಾರಿತ್ತು. ನಾನು ನೋಡಿರಲಿಲ್ಲ.

"ಬೆಣ್ಣೆ ದೋಸೆ, ಮಾವ" ಅಂದೆ. ಬೇರೆ ಏನು ಹೇಳುವುದು ತೋಚಲಿಲ್ಲ.

"ನೀನೇ ಮಾಡಿದ್ದಾ?"

"ಹೂಂ."

"ಮತ್ತೆ ನೀರು ಯಾರಿಗಂತೆ?"

ಅಷ್ಟರಲ್ಲಿ ಒಳಗಿಂದ "ವಿಡಿಯೋದವ್ರೇ, ಅಕ್ಷತೆ ಟೈಮಾಯ್ತು" ಅಂತ ಕೂಗಿದರು. ಬದುಕಿದೆ ಅಂತ ಓಡಿದೆ.

ಸಂಜೆ ಆಫೀಸಿಗೆ ಹೋಗಿ ಆ ಹುಡುಗನಿಗೆ ಎಲ್ಲಾ ಹೇಳಿದೆ. ಎರಡೂ ವಿಡಿಯೋ ವಾಪಸ್ ತೆಗೆಸುತ್ತಾನೆ ಅಂದುಕೊಂಡಿದ್ದೆ. ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಕಲೆ ಅಳಿಸಿ ಇನ್ನೊಂದ್ಸಲ ಕಳ್ಸಿ ಅಣ್ಣಾ, ರಾತ್ರಿಯೊಳಗೆ."

ಸ್ಟುಡಿಯೋಗೆ ಬಂದು ಅಳಿಸಿದೆ. ಇಪ್ಪತ್ತು ನಿಮಿಷದ ಕೆಲಸ.