ಕ್ಯೂನಲ್ಲಿ ನಿಂತವರು ಏನಂತಾರೆ?

1990ರಲ್ಲಿ, ಸೋವಿಯತ್ ದೇಶವನ್ನು ಗೋರ್ಬಚೆವ್ ಆಳುತ್ತಿದ್ದಾಗ, ನಾನು ಮೆಡಿಕಲ್ ಓದಲು ಮಾಸ್ಕೋಗೆ ಹೊರಟಾಗ ನಮ್ಮ ಕಾಲೇಜಿನ ಕನ್ನಡ ಮೇಷ್ಟ್ರು ನನಗೊಂದು ಕೆಲಸ ಹಚ್ಚಿದರು. "ಗೋರ್ಬಚೆವ್ ಏನಂದ ಅನ್ನೋದು ಪೇಪರಲ್ಲೇ ಸಿಗುತ್ತೆ ಕಣೋ. ಬ್ರೆಡ್ಡಿನ ಕ್ಯೂನಲ್ಲಿ ನಿಂತವರು ಏನಂತಾರೆ, ಅದನ್ನ ಬರಿ." ಪಿಯುಸಿಯಲ್ಲಿ ನನ್ನ ಪ್ರಬಂಧಕ್ಕೆ ಹತ್ತಕ್ಕೆ ನಾಲ್ಕು ಕೊಟ್ಟವರು ಇವರೇ. ಆದರೂ ಬರೆದೆ.

ಮೊದಲ ವರ್ಷ ಭಾಷೆ ಕಲಿಯೋದರಲ್ಲೇ ಹೋಯಿತು. ಕ್ಯೂನ ಮಾತನ್ನು ನನಗೆ ಮುಟ್ಟಿಸುತ್ತಿದ್ದವರು ಹಾಸ್ಟೆಲಿನ ಬಾಗಿಲು ಕಾಯುತ್ತಿದ್ದ ಹೆಂಗಸು. ಅವರನ್ನು ನಾವು ತ್ಯೋತ್ಯಾ ಅನ್ನುತ್ತಿದ್ದೆವು, ನಮ್ಮಲ್ಲಿ ಅತ್ತೆ ಅಂದ ಹಾಗೆ. 1991ರ ಆಗಸ್ಟಿನಲ್ಲಿ ಗೋರ್ಬಚೆವ್‌ರನ್ನು ಕೆಳಗಿಳಿಸಲು ಅವರದೇ ಸರ್ಕಾರದ ಕೆಲವರು ದಂಗೆಯೆದ್ದರು, ಊರೊಳಗೆ ಟ್ಯಾಂಕುಗಳು ಬಂದವು. ಟೀವಿ ಹಾಕಿದರೆ ಬರೀ ಬ್ಯಾಲೆ. ತ್ಯೋತ್ಯಾ ಟ್ಯಾಂಕಿನ ಹುಡುಗರಿಗೆ ಬ್ರೆಡ್ಡು ಕೊಟ್ಟು, "ಮನೆಗೆ ಹೋಗ್ರಪ್ಪಾ" ಅಂತ ಬೈದು ಬಂದರು. ಮೂರೇ ದಿನಕ್ಕೆ ದಂಗೆ ಮುರಿದು ಬಿತ್ತು. ಆವತ್ತು ಅವರು ಅತ್ತಿದ್ದು ಖುಷಿಗೆ. ಆ ಪತ್ರವನ್ನು ಮೇಷ್ಟ್ರು ಕ್ಲಾಸಿನಲ್ಲಿ ಓದಿದರಂತೆ.

ಆಮೇಲಿನ ಪತ್ರಗಳು ಓದುವ ಹಾಗಿರಲಿಲ್ಲ ಬಿಡಿ. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1992ರ ಜನವರಿ 2ರಂದು ರಷ್ಯಾ ಸರ್ಕಾರ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು. ತ್ಯೋತ್ಯಾ ಕೂಡಿಟ್ಟ ದುಡ್ಡಿಗೆ ವರ್ಷದೊಳಗೆ ಒಂದು ಜೊತೆ ಬೂಟೂ ಬರದ ಹಾಗಾಯಿತು. ಅದೇ ವರ್ಷ ಎಲ್ಲರಿಗೂ 10,000 ರೂಬಲ್ಲಿನ ವೌಚರ್ ಹಂಚಿದರು. ಸರ್ಕಾರಿ ಕಾರ್ಖಾನೆಗಳಲ್ಲಿ ನಿಮಗೂ ಪಾಲು ಅಂತ. ಮುಂದೆ ಒಂದು ವೌಚರಿಗೆ ಎರಡು ವೋಲ್ಗಾ ಕಾರಿನ ಬೆಲೆ ಬರುತ್ತೆ ಅಂದಿದ್ದರು ಈ ಖಾಸಗೀಕರಣದ ಉಸ್ತುವಾರಿ ಹೊತ್ತಿದ್ದ ಚುಬಾಯ್ಸ್. ತ್ಯೋತ್ಯಾಗೆ ಬಂದದ್ದು ಎರಡು ಬಾಟಲಿ ವೋಡ್ಕಾ.

ಖಾಸಗೀಕರಣಕ್ಕೆ ರಷ್ಯನ್ನಿನಲ್ಲಿ 'ಪ್ರಿವತಿಜಾತ್ಸಿಯಾ' ಅಂತಾರೆ. ಜನ ಅದನ್ನು 'ಪ್ರಿಖ್ವತಿಜಾತ್ಸಿಯಾ' ಮಾಡಿಬಿಟ್ಟರು. ಕೈಗೆ ಸಿಕ್ಕಿದ್ದನ್ನು ಬಾಚಿಕೊಳ್ಳೋದು ಅನ್ನೋ ಅರ್ಥ. ಕನ್ನಡದಲ್ಲಿ ಇದಕ್ಕೇನಂತೀರಿ ಸಾರ್ ಅಂತ ಬರೆದೆ. ಉತ್ತರದಲ್ಲಿ ಒಂದೇ ಪದ: 'ಕಬಳೀಕರಣ'. ಈ ಸಲ ಹತ್ತಕ್ಕೆ ಹತ್ತು ನಾನು ಕೊಟ್ಟೆ.

1991ರ ಆ ದಂಗೆಯನ್ನು ಎದುರಿಸಿ ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ಟ್ಯಾಂಕ್ ಹತ್ತಿ ನಿಂತದ್ದು ಸಂಸತ್ ಕಟ್ಟಡದ ಮುಂದೆ. 1993ರ ಅಕ್ಟೋಬರಿನಲ್ಲಿ ಅದೇ ಕಟ್ಟಡಕ್ಕೆ ಅವರೇ ಟ್ಯಾಂಕಿನಿಂದ ಹೊಡೆಸಿದರು. ತ್ಯೋತ್ಯಾ ಈ ಸಲ ಅಳಲೂ ಇಲ್ಲ, ಬ್ರೆಡ್ಡೂ ಕೊಡಲಿಲ್ಲ. 1996ರ ಅಧ್ಯಕ್ಷ ಚುನಾವಣೆಯ ಕೊನೆಯ ಸುತ್ತಿನ ಮತಪತ್ರದಲ್ಲಿ ಯೆಲ್ತ್ಸಿನ್, ಕಮ್ಯುನಿಸ್ಟ್ ಪಕ್ಷದ ಜ್ಯುಗಾನೋವ್ ಹೆಸರಿನ ಕೆಳಗೆ ಇನ್ನೊಂದು ಸಾಲಿತ್ತು: 'ಎಲ್ಲರ ವಿರುದ್ಧ'. ಅದಕ್ಕೇ ಗುರುತು ಹಾಕಿ ಬಂದೆ ಅಂತ ಹಾಸ್ಟೆಲಿಗೆಲ್ಲ ಸಾರಿದರು. ಹಾಗೆ ಮಾಡಿದವರು ಸುಮಾರು 36 ಲಕ್ಷ ಜನ.

ಮುಂದೆ ನಾನು ಇಂಗ್ಲೆಂಡಿಗೆ ಹೋದೆ. ಅಲ್ಲಿಯ ಬೇಸರದ ದಾರಿಯೇ ಬೇರೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ನರ್ಸ್ ಒಬ್ಬಳು 2003ರ ಫೆಬ್ರವರಿ 15ರಂದು ಇರಾಕ್ ಯುದ್ಧ ಬೇಡ ಅಂತ ಲಂಡನ್ನಿನ ಮೆರವಣಿಗೆಗೆ ಹೋಗಿದ್ದಳು. ಲಕ್ಷಗಟ್ಟಲೆ ಜನ ಸೇರಿದ್ದರು. ಮುಂದಿನ ತಿಂಗಳೇ ಯುದ್ಧ ಶುರುವಾಯಿತು. 2005ರಲ್ಲಿ, ಆ ಯುದ್ಧಕ್ಕಿಳಿದ ಪ್ರಧಾನಿ ಬ್ಲೇರ್ ಮತ್ತೆ ಗೆದ್ದರು. ಓಟು ಹಾಕಿದೆಯಾ ಅಂತ ಕೇಳಿದೆ. "ಇಲ್ಲ, ಆವತ್ತು ಗಿಡಗಳಿಗೆ ನೀರು ಹಾಕ್ತಿದ್ದೆ" ಅಂದಳು. ಬೈಗುಳವಿಲ್ಲ, ಜೋಕಿಲ್ಲ. ನನಗೆ ಅದೇ ಜಾಸ್ತಿ ಹೆದರಿಕೆ ಹುಟ್ಟಿಸಿತು. ತ್ಯೋತ್ಯಾ ಬೈಯೋಕಾದರೂ ಮತಗಟ್ಟೆಗೆ ಹೋಗಿದ್ದರು, ಅಲ್ವಾ? ಅವರ ಆ 'ಎಲ್ಲರ ವಿರುದ್ಧ' ಸಾಲನ್ನೂ ರಷ್ಯಾದಲ್ಲಿ 2006ರಲ್ಲಿ ತೆಗೆದುಹಾಕಿದರು.

2014ರ ಲೋಕಸಭೆ ಚುನಾವಣೆಯ ದಿನ ಸಂಜೆ ಮೇಷ್ಟ್ರು ಫೋನ್ ಮಾಡಿದರು. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು.

"ನಿಮ್ಮ ತ್ಯೋತ್ಯಾ ಸಾಲು ನಮ್ಮ ಮೆಷಿನ್‌ಗೂ ಬಂದಿದೆ ಕಣೋ. ನೋಟಾ ಅಂತೆ!"

"ನೀವೇನಾದ್ರೂ ಒತ್ತಿದ್ರಾ ಸಾರ್?"

"ಅದನ್ನೆಲ್ಲ ಕೇಳಬಾರದು, ಗುಟ್ಟು" ಅಂದು ಜೋರಾಗಿ ನಕ್ಕರು.